ಏಳು ಮಾತು, ಒಂದು ಹೆಬ್ಬೆಟ್ಟು

ಮಧುಗಿರಿ,
೨೪ನೇ ಆಗಸ್ಟ್ ೧೯೩೬, ಸೋಮವಾರ

ಪೂಜ್ಯ ಅತ್ತೆಮ್ಮನವರಿಗೆ, ನಿಮ್ಮ ಸೊಸೆ ಸರ್ವಮಂಗಳಾ ಇಲ್ಲಿಂದಲೇ ನಿಮ್ಮ ಪಾದ ಮುಟ್ಟಿ ಶರಣು ಅನ್ನುತ್ತಿದ್ದಾಳೆ.

ಮೊದಲು ನಿಮ್ಮ ಮಂಡಿನೋವು ಹೇಗಿದೆ ಹೇಳಿ. ಹರಳೆಣ್ಣೆ ಸೀಸೆ ಮೂಟೆಯೊಳಗೆ ಸೀರೆ ಮಧ್ಯ ಸಿಕ್ಕಿಸಿ ಕಳಿಸಿದ್ದೆ, ಸಿಕ್ಕಿತೋ ಇಲ್ಲವೋ. ಸಿಕ್ಕಿದ್ದರೂ ನೀವು ಹಚ್ಚಿಕೊಂಡಿರುವುದಿಲ್ಲ, ಅದೂ ನನಗೆ ಗೊತ್ತು. ನಿಮ್ಮ ಬಾಣಂತಿ ಮಗಳು ಕಮಲಾಕ್ಷಿ ಎದ್ದು ಓಡಾಡುತ್ತಿದ್ದಾಳಾ? ಮಗುವಿಗೆ ಬಜೆ ತೇಯ್ದು ಹಾಕುತ್ತಿದ್ದೀರಾ? ಮೂರನೇ ಬಾಣಂತನ ಅಂತ ಅವಳು ಉಡಾಫೆ ಮಾಡುತ್ತಾಳೆ, ಬಿಡಬೇಡಿ, ಗದರಿಸಿ. ಪಾವಗಡದ ನೀರು ಉಪ್ಪು ಅಂತ ಹೋದ ಸಲದ ಕಾರ್ಡಿನಲ್ಲಿ ಬರೆಸಿದ್ದಿರಿ. ಅಲ್ಲಿ ಬೀದಿಯ ಜನ ತೆಲುಗಿನಲ್ಲಿ 'ನೀಳ್ಳು ತಾಗು' ಅಂದರೆ ಜಗಳಕ್ಕೆ ಹೋಗಬೇಡಿ ಅತ್ತೆಮ್ಮಾ, ಬಂದು ತಾಗು ನೋಡೋಣ ಅಂತ ಕರೆಯುತ್ತಿರುವುದಲ್ಲ ಅದು, ನೀರು ಕುಡಿ ಅಂತ ಉಪಚಾರ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಎಮ್ಮೆ ಮೊದಲ ವಾರ ನನಗೆ ಹಾಲು ಕೊಡದೆ ಒದ್ದಿತು, ಈಗ ನಿಮ್ಮ ಹಳೇ ಸೀರೆ ಉಟ್ಟುಕೊಂಡು ಹೋಗುತ್ತೇನೆ, ಸುಮ್ಮನೆ ನಿಲ್ಲುತ್ತದೆ.

ರೇಣುಕಯ್ಯ ಅಣ್ಣಯ್ಯನವರೇ, ಈ ಕಾಗದವನ್ನು ನಮ್ಮಿಬ್ಬರ ಅತ್ತೆಗೆ ಓದಿ ಹೇಳುವವರು ನೀವೇ ಅಂತ ತಿಳಿದೇ ಬರೆಯುತ್ತಿದ್ದೇನೆ. ನೀವು ಸ್ಕೂಲು ಮೇಷ್ಟರು, ತಪ್ಪು ಕಂಡರೆ ಕೈ ತುರಿಸುತ್ತದೆ. ಆದರೆ ಇದರೊಳಗೆ ಅತ್ತೆ ಆಡಿದ ಮಾತು ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಅವರು ಆಡಿದ ಹಾಗೆಯೇ ಬರೆದಿದ್ದೇನೆ, ನೀವೂ ಹಾಗೆಯೇ ಓದಬೇಕು. ಪುಸ್ತಕದ ಕನ್ನಡಕ್ಕೆ ತಿದ್ದಿದಿರೋ, ಇಡೀ ಕೆಲಸ ಕೆಟ್ಟುಹೋಗುತ್ತದೆ. ಯಾಕೆ ಅಂತ ಮುಂದೆ ನಿಮಗೇ ತಿಳಿಯುತ್ತದೆ.

ಈಗ ಸುದ್ದಿಗೆ ಬರುತ್ತೇನೆ. ಅತ್ತೆಮ್ಮಾ, ಒಲೆ ಮುಂದೆ ಇದ್ದರೆ ಎದ್ದು ಬಂದು ಗೋಡೆಗೆ ಒರಗಿ ಕೂತುಕೊಳ್ಳಿ. ನಿಮ್ಮ ಬಾಯಿಂದ ಬಂದ ಮಾತು ಮೈಸೂರಿಗೆ ಹೋಗುತ್ತಿದೆ. ದಸರಾ ವಸ್ತುಪ್ರದರ್ಶನಕ್ಕೆ, ಮಹಾರಾಜರ ಊರಿಗೆ, ಸಾವಿರಾರು ಜನ ನೋಡುವ ಕಡೆಗೆ. ಇದನ್ನು ಬರೆಯುವ ಅವಸರಕ್ಕೆ ಮಸಿ ಚೆಲ್ಲಿದೆ, ನೋಡಿ, ಈ ಪಕ್ಕದಲ್ಲೇ ಇದೆ ಕಲೆ. ಇನ್ನೊಂದು ಹಾಳೆ ತೆಗೆದುಕೊಳ್ಳುವಷ್ಟು ತಾಳ್ಮೆ ನನಗಿಲ್ಲ.

ಇದೆಲ್ಲ ಶುರುವಾಗಿದ್ದು ನೀವು ಪಾವಗಡದ ಬಸ್ಸು ಹತ್ತಿದ ದಿನ. ನೆನಪಿದೆಯಾ, ಬಸ್ಸಿನ ಕಿಟಕಿಯಿಂದ ತಲೆ ಆಚೆ ಹಾಕಿ ನನಗೆ ಅಪ್ಪಣೆ ಮೇಲೆ ಅಪ್ಪಣೆ ಮಾಡುತ್ತಿದ್ದಿರಿ. ಮರೆತರೆ ಬೈತೀರಿ ಅಂತ ಕೈಯಲ್ಲಿದ್ದ ಚೀಟಿಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದುಕೊಂಡೆ. ಮನೆಗೆ ಬಂದವರನ್ನು ಹೇಗೆ ನೋಡಿಕೋಬೇಕು ಅಂತ ನೀವು ಹೇಳಿದ್ದು, "ಮೊದ್ಲು ನೀರ್ ಕುಡಿ, ಆಮೇಲ್ ಸುದ್ದಿ ಹೇಳು." ಅದರ ಕೆಳಗೆ, ಪಕ್ಕದ ಮನೆ ಅಶ್ವತ್ಥಮ್ಮನಿಗೆ ಕೊಡಬೇಕಾಗಿದ್ದದ್ದು, "ಹುಣಸೆಹಣ್ಣು ಎರಡು ಸೇರು." ಅಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು. ಆ ಚೀಟಿಯ ಮುಂಭಾಗದಲ್ಲಿ ಏನಿತ್ತು ಅಂದರೆ, ಪುರವರದ ಚನ್ನಮಲ್ಲಯ್ಯನವರ ಮಗಳ ಮದುವೆಗೆ ಉಡುಗೊರೆ ಕೊಡಲು ನಮ್ಮ ಅಂಗಡಿಯಲ್ಲಿ ಮಾಡಿಸಿದ್ದ ಇಪ್ಪತ್ತನಾಲ್ಕು ಹಿತ್ತಾಳೆ ಚೆಂಬಿನ ಮೇಲೆ ಕೆತ್ತಬೇಕಾದ ಹೆಸರು. ವಧೂವರರ ಹೆಸರು, ಮದುವೆಯ ತಾರೀಖು, ಎಲ್ಲ ನಾನೇ ದುಂಡಗೆ ಬರೆದಿದ್ದೆ.

ನಮ್ಮ ಅಂಗಡಿ ಜಗಲಿ ಮೇಲೆ ಕೂತು ಪಾತ್ರೆಗೆ ಹೆಸರು ಕೆತ್ತುವ ಸಿರಾದ ಕುತುಬುದ್ದೀನ್ ಸಾಬರಿಗೆ ಕನ್ನಡ ಓದುವುದಕ್ಕೆ ಬರುವುದಿಲ್ಲ. ಇಷ್ಟು ವರ್ಷದಿಂದ ನೋಡುತ್ತಿದ್ದೇವೆ, ನಮಗದು ಮರೆತೇ ಹೋಗಿದೆ. ಅಕ್ಷರವನ್ನು ಚಿತ್ರದ ಹಾಗೆ ನೋಡಿಕೊಂಡು ಚುಕ್ಕಿ ಚುಕ್ಕಿಯಾಗಿ ಉಳಿಯಲ್ಲಿ ಹೊಡೆಯುತ್ತಾರೆ, ಒಂದು ಕೊಂಬೂ ತಪ್ಪುವುದಿಲ್ಲ. ಚೀಟಿ ಕೊಟ್ಟೆ. ಯಾವ ಮಗ್ಗುಲು ಮೇಲಿತ್ತೋ ಅದನ್ನು ಹೊಡೆದರು. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ. ನಿಮ್ಮ ಮಗ ಆ ಹೊತ್ತು ತುಮಕೂರಿಗೆ ಹೋಗಿದ್ದರು, ನಾನು ಎಮ್ಮೆ ಹತ್ತಿರ ಒದೆಸಿಕೊಳ್ಳುತ್ತಿದ್ದೆ. ಚನ್ನಮಲ್ಲಯ್ಯನವರ ಆಳು ಗಾಡಿ ತಂದು ಹುಲ್ಲಿನಲ್ಲಿ ಸುತ್ತಿಕೊಂಡು ಹೋದ, ಅವನೂ ಓದಲಿಲ್ಲ. ಮದುವೆ ದಿನ ಚಪ್ಪರದಲ್ಲಿ ಬೀಗರಿಗೆ ನೀರು ಕೊಡಲು ಚೆಂಬು ಎತ್ತಿದಾಗ ಗಂಡಿನ ಸೋದರಮಾವ ಅದನ್ನು ಓದಿ, "ಇದೇನ್ರೀ, ಮೊದ್ಲು ನೀರ್ ಕುಡಿ, ಆಮೇಲ್ ಸುದ್ದಿ ಹೇಳು, ಹುಣಸೆಹಣ್ಣು ಎರಡು ಸೇರು?" ಅಂದರಂತೆ.

ಚನ್ನಮಲ್ಲಯ್ಯನವರು ಮಾರನೇ ದಿನವೇ ಅಂಗಡಿಗೆ ಬಂದರು, ನಾನು ಬಾಗಿಲ ಸಂದಿಯಲ್ಲಿ ನಿಂತು ಉಗುರು ಕಚ್ಚುತ್ತಿದ್ದೆ. ಕುತುಬುದ್ದೀನ್ ಸಾಬರು ಪಾಪ, ಎದ್ದು ನಿಂತು "ಕಾಗಜ್ ಮ್ಯಾಲೆ ಇದ್ದಿದ್ದೇ ಹೊಡ್ದೆ ಸಾಮಿ, ಕಸಂ ಸೇ" ಅಂತ ಆಣೆ ಇಟ್ಟು ಕಿವಿ ಹಿಡಿದುಕೊಂಡರು. ಚನ್ನಮಲ್ಲಯ್ಯನವರು ಏನಂದರು ಗೊತ್ತಾ? ಇನ್ನೊಂದು ಡಜನ್ ಬೇಕಂತೆ. ಮುನಿಸಿಕೊಂಡು ಮೂಲೆಯಲ್ಲಿ ಕೂತಿದ್ದ ಬೀಗರು ಆ ಚೆಂಬು ಓದಿದ್ದೇ ನಗಲು ಶುರು ಮಾಡಿದರಂತೆ, ಇಡೀ ಚಪ್ಪರ ನಕ್ಕಿತಂತೆ, ಊಟಕ್ಕೆ ಕೂತ ಪಂಕ್ತಿ ಪೂರ್ತಿ ಹುಣಸೆಹಣ್ಣು ಬಡಿಸಿ ಅಂತ ಕೂಗಿತಂತೆ. ಹೋಗುವಾಗ ಬೀಗರ ಕಡೆಯವರು ಚೆಂಬಿಗೆ ಜಗಳ ಆಡಿಕೊಂಡು ತೆಗೆದುಕೊಂಡು ಹೋದರಂತೆ. ಯಾರ ಮಾತ್ರೀ ಇದು ಅಂತ ಚನ್ನಮಲ್ಲಯ್ಯನವರು ಕೇಳಿದಾಗ ನಿಮ್ಮ ಮಗ, ಬಾಯಿಬಿಟ್ಟು ನಾಲ್ಕು ಮಾತಾಡದವರು, ಎದೆಯುಬ್ಬಿಸಿ "ನಮ್ಮಮ್ಮಂದು" ಅಂದರು.

ಅಲ್ಲಿಂದ ಹಿಡಿದಿದ್ದು ನೋಡಿ ಹುಚ್ಚು. ಮಿಡಿಗೇಶಿಯಿಂದ ಬಂದರು, ಕೊಡಿಗೇನಹಳ್ಳಿಯಿಂದ ಬಂದರು. ಹೆಂಗಸರು ಬೆಲೆ ಕೇಳುವ ಮುಂಚೆ "ನಿಮ್ಮತ್ತೆ ಇನ್ನೇನೇನ್ ಅಂತಾರೆ?" ಅಂತ ಕೇಳತೊಡಗಿದರು. ನಿಮ್ಮ ಜೊತೆ ಒಂಬತ್ತು ವರ್ಷ ಸಂಸಾರ ಮಾಡಿದವಳು ನಾನು, ನನ್ನ ಹತ್ತಿರ ಕೊರತೆಯೇ. ಹಾಲಿನ ಪಾತ್ರೆಗೆ "ಬೆಕ್ಕು ನೋಡ್ತಾ ಐತೆ, ಮುಚ್ಚಿಡು" ಅಂತ ಹಾಕಿಸಿದೆ. ಬಚ್ಚಲ ಹಂಡೆಗೆ "ಬೆನ್ ತಿಕ್ಕೊಳ್ದೆ ಆಚೆ ಬರ್ಬ್ಯಾಡ." ಅದನ್ನು ಹೈಸ್ಕೂಲು ಮೇಷ್ಟರೊಬ್ಬರು ತೆಗೆದುಕೊಂಡು ಹೋದರು, ಅವರಿಗೆ ಆರು ಜನ ಗಂಡುಮಕ್ಕಳು. ಮುದ್ದೆ ಪಾತ್ರೆಗೆ "ಹಾಕ್ಲಾ ಅಂತ ಕೇಳ್ಬ್ಯಾಡ, ಹಾಕು." ಸೌಟಿನ ಹಿಡಿಗೆ, ಜಾಗ ಸಾಲದೆ ಸಾಬರು ಎರಡು ಸಾಲು ಮಾಡಿ ಹೊಡೆದರು, "ಸೌಟ್ ನನ್ ಕೈಲಿರೋಗಂಟ ಯಾರೂ ಹಸ್ಕೊಂಡ್ ಹೋಗಾಕಿಲ್ಲ." ಮಜ್ಜಿಗೆ ಚೆರಿಗೆಗೆ ನೀವು ಬೆಣ್ಣೆ ತೆಗೆಯುವಾಗಲೆಲ್ಲ ಗೊಣಗುವ ಮಾತು, ಬಂದವರು ಬೆಣ್ಣೆ ತಿಂದು ಎಮ್ಮೆಯನ್ನು ಹೊಗಳಿ ಹೋಗುತ್ತಾರಲ್ಲ ಆವಾಗ ಗೊಣಗುತ್ತೀರಲ್ಲ, "ಕಡ್ದೋಳು ನಾನು, ಹೆಸ್ರು ಎಮ್ಮೇದು." ಅದನ್ನು ಓದಿದ ಗಂಡಸರು ನಗುತ್ತಾರೆ, ಹೆಂಗಸರು ಕೊಂಡುಕೊಳ್ಳುತ್ತಾರೆ.

ಎಲ್ಲದಕ್ಕಿಂತ ಹೆಚ್ಚು ಹೋಗುತ್ತಿರುವುದು ಏಳನೆಯದು. ಕಂಚಿನ ಊಟದ ಗಂಗಳ, ಅದರ ಅಂಚಿನಲ್ಲಿ ಎರಡೇ ಪದ: "ಮಾಡಿದೋಳೂ ಉಣ್ಲಿ." ಇದನ್ನು ಕೊಳ್ಳುವವರು ಜೋರಾಗಿ ಓದುವುದಿಲ್ಲ. ಬೆರಳಿನಲ್ಲಿ ಸವರಿ ನೋಡಿ, ಸೆರಗಿನಲ್ಲಿ ಸುತ್ತಿಕೊಂಡು ಹೋಗುತ್ತಾರೆ. ಮೊನ್ನೆ ಒಬ್ಬಾಕೆ, ಮಿಡಿಗೇಶಿ ಕಡೆಯವರು, ಕಣ್ಣಿನಲ್ಲಿ ನೀರು ತಂದುಕೊಂಡು "ಎಂಥಾ ಅತ್ತೆ ಸಿಕ್ಕವ್ರೆ ಕಣಮ್ಮ ನಿಂಗೆ, ಪುಣ್ಯ ಮಾಡಿದ್ದೆ" ಅಂದು ನನ್ನ ಕೆನ್ನೆ ಸವರಿದರು. ನಾನು ತಲೆ ಆಡಿಸಿದೆ. ಇದನ್ನ ನಾನು ಯಾವಾಗ ಅಂದಿದ್ದೆ ಅಂತ ಈಗ ನೀವು ಅಲ್ಲಿ ಯೋಚನೆ ಮಾಡುತ್ತಿದ್ದರೆ, ದಯವಿಟ್ಟು ಅಣ್ಣಯ್ಯನನ್ನು ನಿಲ್ಲಿಸಬೇಡಿ, ಕೊನೇವರೆಗೂ ಕೇಳಿಸಿಕೊಳ್ಳಿ.

ಈಗ ತಾಪತ್ರಯದ ಮಾತು. ನಿಮಗೆ ಗೊತ್ತಲ್ಲ ಕೊರಟಗೆರೆಯ ದೊಡ್ಡರಂಗಪ್ಪ, ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವವರು, ನಿಮ್ಮ ಮಗನಿಗಿಂತ ದೊಡ್ಡ ಅಂಗಡಿ. ಅವರ ಅಂಗಡಿಯಲ್ಲೂ ಇದ್ದಕ್ಕಿದ್ದಂತೆ ಮಾತಾಡುವ ಚೆಂಬು ಬಂತು. ಬರಲಿ ಬಿಡಿ, ಮಾತನ್ನೇನು ನಾವು ಕಟ್ಟಿಹಾಕಲಿಕ್ಕೆ ಆಗುತ್ತದಾ ಅಂತ ನಿಮ್ಮ ಮಗ ಸುಮ್ಮನಿದ್ದರು. ಅಷ್ಟಕ್ಕೇ ಮುಗಿಯಲಿಲ್ಲ. ಹೋದ ತಿಂಗಳು ತಾಲ್ಲೂಕು ಕಚೇರಿಯಿಂದ ಒಬ್ಬ ಆಫೀಸರು ಬಂದರು, ದಸರಾ ಪ್ರದರ್ಶನಕ್ಕೆ ಈ ಸೀಮೆಯಿಂದ ಏನು ಕಳಿಸಬಹುದು ಅಂತ ಆರಿಸುವವರು. ನಮ್ಮ ಏಳೂ ಪಾತ್ರೆಗಳನ್ನು ಸಾಲಾಗಿ ಇಟ್ಟು ನೋಡಿದರು, ಒಂದೊಂದನ್ನೂ ಓದಿ ನಕ್ಕರು, ಗಂಗಳ ಓದಿ ನಗಲಿಲ್ಲ, ಅದನ್ನು ಮಾತ್ರ ಕೆಳಗಿಡದೆ ಕೈಯಲ್ಲೇ ಹಿಡಿದುಕೊಂಡು ಮಾತಾಡಿದರು. ಕಳಿಸಿದರೆ ಏಳನ್ನೂ ಒಟ್ಟಿಗೆ ಕಳಿಸಬೇಕು, ಗಂಗಳ ಇಲ್ಲದೆ ಬೇಡವೇ ಬೇಡ, ಪಕ್ಕದಲ್ಲಿ 'ಈ ಮಾತುಗಳು ಮಧುಗಿರಿಯ ಸಿದ್ದಗಂಗಮ್ಮನವರವು' ಅಂತ ಕಾರ್ಡು ಇಡಬೇಕು ಅಂದರು. ನಿಮ್ಮ ಹೆಸರು ಅತ್ತೆಮ್ಮಾ. ಅಚ್ಚಿನಲ್ಲಿ. ನೀವು ಮಾತ್ರ ಈಗಲೂ ನಮ್ಮೂರನ್ನು ಮದ್ದಗಿರಿ ಅಂತಲೇ ಅನ್ನುತ್ತೀರಿ, ಕಾರ್ಡಿನಲ್ಲಿ ಹೊಸ ಹೆಸರೇ ಇರುತ್ತದೆ, ಬೇಜಾರು ಮಾಡಿಕೋಬೇಡಿ.

ಎಂಟು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಒಂಬತ್ತನೇ ದಿನ ದೊಡ್ಡರಂಗಪ್ಪನವರ ವಕೀಲರಿಂದ ನೋಟೀಸು ಬಂತು. ಚೆಂಬಿನ ಮೇಲಿನ ಮಾತು ಅವರ ಅಜ್ಜಿಯದಂತೆ, ಕೊರಟಗೆರೆಯಲ್ಲಿ ಎಲ್ಲರಿಗೂ ಗೊತ್ತಂತೆ, ನಾವು ಕದ್ದು ಮಾರುತ್ತಿದ್ದೇವಂತೆ, ಮೈಸೂರಿಗೆ ಹೋಗಬೇಕಾದ್ದು ಅವರ ಪಾತ್ರೆಯಂತೆ. ನಿಮ್ಮ ಮಗ ನೋಟೀಸನ್ನು ಎರಡೆರಡು ಸಲ ಓದಿದರು. ನನಗೆ ಬಂದ ಸಿಟ್ಟಿಗೆ ಬಸ್ಸು ಹತ್ತಿ ಕೊರಟಗೆರೆಗೇ ಹೋಗಿಬಿಡುತ್ತಿದ್ದೆ, ಹಾಲು ಒಲೆ ಮೇಲಿತ್ತು, ಅದಕ್ಕೇ ನಿಂತೆ.

ಇಬ್ಬರೂ ಜಯರಾಮಯ್ಯ ವಕೀಲರ ಮನೆಗೆ ಹೋದೆವು. ನಾನು ಒಳಗೆ ಅವರ ಮನೆಯವರ ಜೊತೆ ಕೂತಿದ್ದೆ, ಆದರೆ ಕಿವಿಯೆಲ್ಲ ಆಚೆಯೇ. ಅವರು ನೋಟೀಸು ಓದಿ, ದೊಡ್ಡರಂಗಪ್ಪನವರ ಅಂಗಡಿಯ ಚೆಂಬು ಸಿಗುತ್ತದಾ ಅಂತ ಕೇಳಿದರು. ನಿಮ್ಮ ಮಗ ಜಾಣರೇ ಸರಿ, ಯಾರ ಕೈಲೋ ಒಂದು ತರಿಸಿ ಚೀಲದಲ್ಲಿ ಇಟ್ಟುಕೊಂಡೇ ಹೋಗಿದ್ದರು. ವಕೀಲರು ಅದನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದರು. "ಮೊದ್ಲು ನೀರ್ ಕುಡಿ, ಆಮೇಲ್ ಸುದ್ದಿ ಹೇಳು, ಹುಣಸೆಹಣ್ಣು ಎರಡು ಸೇರು." ಅತ್ತೆಮ್ಮಾ, ಅವರ ಅಜ್ಜಿಯೂ ಹುಣಸೆಹಣ್ಣು ಎರಡು ಸೇರು ಅಂತಿದ್ದರಂತೆ. ನಾನು ಎಲ್ಲಿದ್ದೇನೆ ಅಂತ ಮರೆತು ಒಳಗಿಂದಲೇ ನಕ್ಕುಬಿಟ್ಟೆ, ವಕೀಲರ ಹೆಂಡತಿಯೂ ಸೆರಗು ಬಾಯಿಗೆ ತುರುಕಿಕೊಂಡರು, ವಕೀಲರಿಗೆ ನಕ್ಕು ನಕ್ಕು ಕೆಮ್ಮು ಬಂತು. ಮದುವೆಗೆ ಬಂದಿದ್ದ ಯಾರದೋ ಚೆಂಬನ್ನು ಮುಂದಿಟ್ಟುಕೊಂಡು ಹಾಗೇ ಹೊಡೆಸಿದ್ದಾರೆ, ಹುಣಸೆಹಣ್ಣು ಮಾತಿನ ಭಾಗವೋ ಅಲ್ಲವೋ ಅಂತಲೂ ನೋಡಿಲ್ಲ. ನಮ್ಮ ಸಾಬರಾದರೆ ಓದಲು ಬಾರದವರು, ಇವರಿಗೆ ಏನಾಗಿತ್ತು?

ಆದರೆ ನಗು ಮುಗಿದ ಮೇಲೆ ವಕೀಲರು ಒಂದು ಪ್ರಶ್ನೆ ಕೇಳಿದರು ನೋಡಿ. "ಅವರು ನಿಮ್ಮ ಚೆಂಬು ನೋಡಿ ಹೊಡೆಸಿದ್ದು ನಿಜ. ನೀವು ನಿಮ್ಮ ತಾಯಿಯವರನ್ನು ಕೇಳಿ ಹೊಡೆಸಿದ್ದೀರಾ?" ಅಂದರು. ಇಲ್ಲ ಅಂತ ನಿಮ್ಮ ಮಗ ಒಪ್ಪಿಕೊಂಡರು. ವಕೀಲರು ಕಪಾಟಿನಿಂದ ಒಂದು ಪುಸ್ತಕ ತೆಗೆದು ಒಳಪುಟದಲ್ಲಿ 'ಸರ್ವ ಹಕ್ಕುಗಳೂ ಗ್ರಂಥಕರ್ತರವು' ಅಂತ ಅಚ್ಚಾಗಿದ್ದ ಸಾಲು ತೋರಿಸಿ, ಬರೆದವರಿಗೆ ಹಕ್ಕು ಇದೆ ಅಂತ ನಾನು ಬಲ್ಲೆ, ಅಡುಗೆಮನೆಯಲ್ಲಿ ಆಡಿದ ಮಾತಿಗೆ ಹಕ್ಕು ಇದೆಯೋ ಇಲ್ಲವೋ ನನ್ನ ಇಪ್ಪತ್ತು ವರ್ಷದ ವಕೀಲಿಯಲ್ಲಿ ಯಾರೂ ಕೇಳಿಲ್ಲ, ಇಲ್ಲ ಅಂತಾದರೂ ನ್ಯಾಯ ಅನ್ನುವುದು ಒಂದಿದೆ, ಬೇರೆಯವರ ಹಿತ್ತಿಲಿನ ಹೂವು ಕಿತ್ತು ಮಾರುವಾಗ ಅವರನ್ನು ಒಂದು ಮಾತು ಕೇಳುವುದಿಲ್ಲವಾ ಅಂದರು. ಆಗ ನನಗೆ ಅಶ್ವತ್ಥಮ್ಮನ ಜಗಳ ನೆನಪಾಯಿತು. ಅಶ್ವತ್ಥಮ್ಮ ಯಾರದೋ ನಾಮಕರಣದಲ್ಲಿ ನಿಮ್ಮದೊಂದು ಮಾತನ್ನು ತನ್ನದೇ ಅಂತ ಹೇಳಿ ಎಲ್ಲರನ್ನೂ ನಗಿಸಿದಳು ಅಂತ ಮೂರು ತಿಂಗಳು ಅವಳ ಜೊತೆ ಮಾತು ಬಿಟ್ಟವರು ನೀವು. ನನ್ ಮಾತ್ನ ನನ್ ಮುಂದೇನೇ ಹಂಚ್ತಾಳಲ್ಲ ಅಂತ ಎಷ್ಟು ದಿನ ಗುರುಗುಟ್ಟಿದ್ದಿರಿ. ಅಂಥವರ ಮಾತನ್ನು ನಾನು ಹೇಳದೆ ಕೇಳದೆ ಸಂತೆಗೆ ಇಟ್ಟಿದ್ದೇನೆ. ತಪ್ಪಾಯಿತು ಅತ್ತೆಮ್ಮಾ. ಖುಷಿಯಲ್ಲಿ ಹೊಳೆಯಲೇ ಇಲ್ಲ. ನಿಮಗೆ ಸಿಟ್ಟು ಬಂದಿದ್ದರೆ ಬೈದು ಬರೆಸಿ, ಕಾರ್ಡಿನಲ್ಲಿ ಹಿಡಿಸದಿದ್ದರೆ ಲಕೋಟೆಯಲ್ಲೇ ಬರೆಸಿ, ಸಂತೋಷವಾಗಿ ಓದುತ್ತೇನೆ. ಅದರಲ್ಲಿ ಚೆನ್ನಾಗಿರುವ ಬೈಗಳು ಸಿಕ್ಕರೆ ಕೇಳಿಯೇ ಹಾಕಿಸುತ್ತೇನೆ.

ಕೊನೆಗೆ ತೀರ್ಮಾನ ಆಗಿದ್ದು ಹೀಗೆ. ವಕೀಲರು ಒಂದು ಕಾಗದ ಬರೆದುಕೊಟ್ಟಿದ್ದಾರೆ, ಇದರ ಜೊತೆ ಇಟ್ಟಿದ್ದೇನೆ. ಅದರಲ್ಲಿ ಏಳು ಮಾತುಗಳನ್ನೂ ಒಂದರ ಕೆಳಗೆ ಒಂದು ಬರೆದು, 'ಮೇಲ್ಕಂಡ ಮಾತುಗಳು ನಾನೇ ಆಡಿದವು, ಬೇರೆ ಯಾರಿಂದಲೂ ಪಡೆದವಲ್ಲ, ಇವನ್ನು ಪಾತ್ರೆಗಳ ಮೇಲೆ ಕೆತ್ತಿ ಮಾರಲು ನನ್ನ ಮಗನಿಗೆ ಒಪ್ಪಿಗೆ ಕೊಟ್ಟಿದ್ದೇನೆ' ಅಂತ ಬರೆದಿದೆ. ಒಪ್ಪಿಗೆ ಇದ್ದರೆ ಅದಕ್ಕೆ ನಿಮ್ಮ ಎಡಗೈ ಹೆಬ್ಬೆಟ್ಟು ಒತ್ತಬೇಕು. ಅಣ್ಣಯ್ಯನವರೂ ಇನ್ನೊಬ್ಬರು ಯಾರಾದರೂ ದೊಡ್ಡವರೂ ಸಾಕ್ಷಿ ಹಾಕಬೇಕು. ಸೆಪ್ಟೆಂಬರ್ ಐದನೇ ತಾರೀಖಿನ ಒಳಗೆ ಆಫೀಸರ ಕೈ ಸೇರಿದರೆ ನಮ್ಮ ಪಾತ್ರೆ ಮೈಸೂರಿಗೆ, ಇಲ್ಲದಿದ್ದರೆ ದೊಡ್ಡರಂಗಪ್ಪನವರ ಅಜ್ಜಿಯ ಹುಣಸೆಹಣ್ಣು ಹೋಗುತ್ತದೆ. ಹೆಬ್ಬೆಟ್ಟಿಗೆ ದೀಪದ ಮಸಿ ಹಚ್ಚಬೇಡಿ, ಹೋದ ಸಲ ಜಮೀನಿನ ಕಾಗದಕ್ಕೆ ಹಾಗೆ ಮಾಡಿ ಗೆರೆಯೇ ಕಾಣದೆ ಎರಡು ಸಲ ಒತ್ತಿಸಿದ್ದರು. ಅಣ್ಣಯ್ಯನ ಸ್ಕೂಲಿನಲ್ಲಿ ನೀಲಿ ಮಸಿಯ ಪ್ಯಾಡು ಇರುತ್ತದೆ, ಅದನ್ನು ತರಿಸಿ.

ಇಲ್ಲಿ ಎಲ್ಲರೂ ನಿಮ್ಮ ದಾರಿ ನೋಡುತ್ತಿದ್ದಾರೆ. ಕುತುಬುದ್ದೀನ್ ಸಾಬರು ಪ್ರದರ್ಶನದ ಏಳು ಪಾತ್ರೆಗೆ ಹೊಸ ಉಳಿ ಮಾಡಿಸಿಕೊಂಡಿದ್ದಾರೆ, ಚೀಟಿಯ ಹಿಂದೆ ಮುಂದೆ ಎರಡೂ ಕಡೆ ನನಗೆ ತೋರಿಸಿ, ಇದಾ ಅದಾ ಅಂತ ಮೂರು ಸಲ ಕೇಳಿಯೇ ಕೈ ಹಚ್ಚುವುದು. "ದಾದಿಮಾಗೆ ಸಲಾಂ ಬರೀರಿ" ಅಂದಿದ್ದಾರೆ, ಅವರ ಬಾಯಲ್ಲಿ ನೀವು ಅಜ್ಜಿ. ನಿಮ್ಮ ಮಗ ಬೆಳಿಗ್ಗೆ ಎದ್ದರೆ ಹುಣಸೆಹಣ್ಣು ಹಾಕಿ ಚೆಂಬು ಬೆಳಗುತ್ತಾ ಕೂರುತ್ತಾರೆ, ನನ್ನನ್ನು ನೋಡಿ ತಾವೇ ನಗುತ್ತಾರೆ. ಅವರು ಹೀಗೆ ನಗುವುದನ್ನು ನಾನು ಮದುವೆಯಾದ ವರ್ಷ ಬಿಟ್ಟರೆ ಈಗಲೇ ನೋಡುತ್ತಿರುವುದು. ನನಗಂತೂ ಮೈಸೂರಿನ ಆ ದೊಡ್ಡ ಹಜಾರದಲ್ಲಿ ನಮ್ಮ ಸೌಟು ಇದೆ, ಯಾರೋ ಗೊತ್ತಿಲ್ಲದವರು ಬಗ್ಗಿ ಓದುತ್ತಿದ್ದಾರೆ ಅಂತ ನೆನೆಸಿಕೊಂಡರೆ ಅನ್ನ ಸೇರುವುದಿಲ್ಲ. ದಸರೆಗೆ ಎಲ್ಲರೂ ಹೋಗಿ ನೋಡಿಕೊಂಡು ಬರೋಣ ಅತ್ತೆಮ್ಮಾ. ನೀವು ಆ ಕಾರ್ಡಿನ ಪಕ್ಕ ನಿಂತುಕೊಳ್ಳಬೇಕು.

ಕಮಲಾಕ್ಷಿಗೂ ಮಕ್ಕಳಿಗೂ ನನ್ನ ಪ್ರೀತಿ, ಅಣ್ಣಯ್ಯನವರಿಗೆ ಶರಣು. ಹೊಸ ಕೂಸಿಗೆ ಅದರ ಅತ್ತೆಯಾದ ನನ್ನ ಕಡೆಯಿಂದ ದೃಷ್ಟಿ ತೆಗೆಯಿರಿ. ನಿಮ್ಮ ಮಂಡಿಗೆ ಇವತ್ತಾದರೂ ಎಣ್ಣೆ ಹಚ್ಚಿಸಿಕೊಳ್ಳಿ.

ನಿಮ್ಮ ಬೈಗಳನ್ನೂ ಆಶೀರ್ವಾದವನ್ನೂ ಬೇಡುವ ಸೊಸೆ,
ಸರ್ವಮಂಗಳಾ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿಸಿಕೊಂಡದ್ದು. ಟಪಾಲು ಕಟ್ಟುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತೇನೆ. ಅಣ್ಣಯ್ಯ, ಇದನ್ನೂ ಗಟ್ಟಿಯಾಗಿಯೇ ಓದಿ.

ಏಳನೇ ಮಾತು ನಿಮ್ಮದಲ್ಲ ಅತ್ತೆಮ್ಮಾ. ನೀವು ಅದನ್ನು ಯಾವತ್ತೂ ಅಂದಿಲ್ಲ. ಅದು ನನ್ನದು. ಹೋದ ವರ್ಷ ಯುಗಾದಿಯಲ್ಲಿ ಮನೆ ತುಂಬ ಜನ, ಬೆಳಿಗ್ಗೆಯಿಂದ ಒಬ್ಬಟ್ಟು ತಟ್ಟಿ ತಟ್ಟಿ ನನ್ನ ಅಂಗೈ ಕೆಂಪಾಗಿತ್ತು, ಎಲ್ಲರೂ ಉಂಡು ಎದ್ದ ಮೇಲೆ ನನಗೆ ಅಂತ ಉಳಿದಿದ್ದ ಎರಡನ್ನು ನೀವು ಹೊರಟವರ ಬುತ್ತಿಗೆ ಹಾಕಿದಿರಿ. ಬೇಕಂತ ಮಾಡಲಿಲ್ಲ, ನನ್ನ ನೆನಪು ನಿಮಗೆ ಬರಲಿಲ್ಲ, ಅಷ್ಟೇ. ನಾನು ಖಾಲಿ ಬೋಗುಣಿ ಮುಂದೆ ಕೂತು ಆ ಬೋಗುಣಿಗೇ ಹೇಳಿದೆ, ಮಾಡಿದೋಳೂ ಉಣ್ಲಿ ಅಂತ. ಅಳಲಿಲ್ಲ, ಸಿಟ್ಟು ಬಂದಿತ್ತು. ಈಗ ಏಳನೇ ಪಾತ್ರೆಗೆ ಸಾಬರು ಮಾತು ಕೇಳಿದಾಗ ಕೈ ತಾನೇ ಬರೆದುಬಿಟ್ಟಿತು, ಉಳಿದ ಆರರ ಜೊತೆ ಇದೂ ಅತ್ತೆಯದೇ ಅಂದುಬಿಟ್ಟೆ. ನಿಮ್ಮ ಮಗನಿಗೂ ಗೊತ್ತಿಲ್ಲ.

ವಕೀಲರ ಕಾಗದದ ಹಿಂದೆ ನಾನೇ ನಕಲು ಮಾಡಿದ ಇನ್ನೊಂದು ಕಾಗದ ಇದೆ, ಅದರಲ್ಲಿ ಆರೇ ಮಾತು. ಅದಕ್ಕೆ ಒತ್ತಿದರೆ ಏಳನೆಯದಕ್ಕೆ ನಾನು ರುಜು ಹಾಕುತ್ತೇನೆ, ಕಾರ್ಡಿನಲ್ಲಿ ನನ್ನ ಹೆಸರೂ ಬರುತ್ತದೆ. ಬರಲಿ ಅಂತ ಎಷ್ಟು ಆಸೆ ಇದೆ ಅಂದರೆ ಹೇಳಲು ನಾಚಿಕೆ. ಆದರೆ ಆಗ ಓದಿದವರೆಲ್ಲ ಕೇಳುವುದು ಒಂದೇ, ಹಾಗಾದರೆ ಸಿದ್ದಗಂಗಮ್ಮನ ಮನೆಯಲ್ಲಿ ಮಾಡಿದೋಳು ಉಣ್ಣುತ್ತಿರಲಿಲ್ಲವಾ ಅಂತ. ನಿಮಗೆ ಆ ಮಾತು ಬರುವುದು ನನಗೆ ಬೇಡ. ಏಳರ ಕಾಗದಕ್ಕೆ ಒತ್ತಿದರೆ ಸುಳ್ಳಿಗೆ ನಿಮ್ಮ ಹೆಬ್ಬೆಟ್ಟು ಹಾಕಿಸಿದ ಹಾಗಾಗುತ್ತದೆ, ಅದೂ ಬೇಡ. ಎಷ್ಟು ಯೋಚಿಸಿದರೂ ನನಗೆ ದಾರಿ ಕಂಡಿದ್ದು ಒಂದೇ. ಏಳರದ್ದಕ್ಕೇ ಒತ್ತುವುದಾದರೆ, ಒತ್ತುವುದಕ್ಕೆ ಮುಂಚೆ ಆ ಮಾತನ್ನು ಒಂದು ಸಲ ನಿಮ್ಮ ಬಾಯಿಂದ ಹೇಳಿಬಿಡಿ, ಅಲ್ಲಿ ಯಾರು ಇದ್ದರೆ ಅವರ ಮುಂದೆ. ಆಮೇಲೆ ಅದು ನಿಮ್ಮದೇ, ನಾನು ಯಾವತ್ತೂ ವಾಪಸ್ಸು ಕೇಳುವುದಿಲ್ಲ. ಹೇಳಿದಿರಿ ಅಂತ ಅಣ್ಣಯ್ಯ ನನಗೆ ಬರೆಯುವ ಕಾಗದದ ಮೂಲೆಯಲ್ಲಿ ಒಂದು ಸಾಲು ಬರೆದರೆ ಸಾಕು, ನಾನು ಓದಿಕೊಂಡು ಊಟಕ್ಕೆ ಕೂರುತ್ತೇನೆ.